ಕಮ್ಮಾರನ ಪುಟ್ಟ ರೈಲು: ಥಾಮಸ್ ಡೇವನ್‌ಪೋರ್ಟ್ (1802–1851)

ಮಕ್ಕಳೇ, ಬಾದಾಮಿಯ ಬನಶಂಕರಿ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಪುಟ್ಟ ರೈಲೊಂದು ಹಳಿಯ ಮೇಲೆ ಗುಂಡಗೆ ಸುತ್ತುವುದನ್ನು ನೀವು ನೋಡಿರಬಹುದು. ಅದರ ಹೊಟ್ಟೆಯಲ್ಲಿ ಒಂದು ಚಿಕ್ಕ ಮೋಟಾರು ಇರುತ್ತದೆ. ನಾವು ಸೆಲ್ ಎಂದು ಕರೆಯುವ ಶುಷ್ಕಕೋಶ ಒಂದೋ ಎರಡೋ ಇರುತ್ತವೆ. ಸೆಲ್ ಮುಗಿಯುತ್ತ ಬಂದಂತೆ ರೈಲು ನಿಧಾನವಾಗುತ್ತದೆ, ಕೊನೆಗೆ ನಿಂತೇಬಿಡುತ್ತದೆ. ರೈಲು ಕೆಟ್ಟಿತು ಎಂದು ನಾವು ಹೇಳುತ್ತೇವೆ. ಆದರೆ ನಿಜವಾಗಿ ಕೆಟ್ಟಿರುವುದು ರೈಲಲ್ಲ, ಅದಕ್ಕೆ ಶಕ್ತಿ ಕೊಡುವ ಸೆಲ್.

ಹೊಸ ಸೆಲ್ ಹಾಕಿದರೆ ನಮ್ಮ ತೊಂದರೆ ಮುಗಿಯಿತು. ಆದರೆ ಸುಮಾರು 190 ವರ್ಷಗಳ ಹಿಂದೆ ಇದೇ ತೊಂದರೆ ಒಬ್ಬ ಜಾಣ ಕಮ್ಮಾರನ ಇಡೀ ಬದುಕನ್ನು ಕಾಡಿತು. ಆತನೇ ಅಮೆರಿಕದ ಥಾಮಸ್ ಡೇವನ್‌ಪೋರ್ಟ್. ವಿದ್ಯುತ್ ಮೋಟಾರಿನ ಇತಿಹಾಸ ಬರೆಯುವ ಯಾರೂ ಈತನ ಹೆಸರನ್ನು ಬಿಡುವುದಿಲ್ಲ. ವಿದ್ಯುತ್ತಿನಿಂದ ಓಡುವ ಮಾದರಿ ರೈಲನ್ನು ಮೊಟ್ಟಮೊದಲು ಜನರಿಗೆ ತೋರಿಸಿದವರಲ್ಲಿ ಈತನೂ ಒಬ್ಬ.

ತಿದಿಯ ಮುಂದೆ ಬೆಳೆದ ಹುಡುಗ

ಡೇವನ್‌ಪೋರ್ಟ್ ಹುಟ್ಟಿದ್ದು 1802ರ ಜುಲೈ 9ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ವಿಲಿಯಮ್ಸ್‌ಟೌನ್ ಎಂಬ ಊರಿನಲ್ಲಿ. ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ. ಶಾಲೆಗೆ ಹೋದದ್ದು ಬಹಳ ಕಡಿಮೆ. 14ನೇ ವಯಸ್ಸಿನಲ್ಲಿ ಒಬ್ಬ ಕಮ್ಮಾರನ ಬಳಿ ಕೆಲಸ ಕಲಿಯಲು ಸೇರಿದ. ತಿದಿ ಒತ್ತುವುದು, ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಬಡಿಯುವುದು, ಕುದುರೆಗೆ ಲಾಳ ಕಟ್ಟುವುದು ಇವೆಲ್ಲ ಅವನ ದಿನದ ಕೆಲಸಗಳಾದವು. ಬಿಡುವು ಸಿಕ್ಕಾಗ ಮಾತ್ರ ಪುಸ್ತಕ ಹಿಡಿಯುತ್ತಿದ್ದ.

ಕೆಲಸ ಕಲಿತ ಮೇಲೆ ಬ್ರ್ಯಾಂಡನ್ ಎಂಬ ಊರಿನ ಸಮೀಪ ತನ್ನದೇ ಕುಲುಮೆ ಹಾಕಿದ. 1827ರಲ್ಲಿ ಎಮಿಲಿ ಎಂಬಾಕೆಯನ್ನು ಮದುವೆಯಾದ. ಊರಿನವರ ಕಣ್ಣಿಗೆ ಆತ ಒಬ್ಬ ಒಳ್ಳೆಯ ಕಮ್ಮಾರ, ಅಷ್ಟೇ. ಹಾಗೆಯೇ ಉಳಿದಿದ್ದರೆ ಆತನ ಕುಟುಂಬ ಹೊಟ್ಟೆ ತುಂಬ ಉಂಡು ನೆಮ್ಮದಿಯಿಂದ ಇರುತ್ತಿತ್ತೇನೋ. ಆದರೆ 1833ರಲ್ಲಿ ನೋಡಿದ ಒಂದು ವಸ್ತು ಆತನ ದಾರಿಯನ್ನೇ ಬದಲಿಸಿತು.

ಕುದುರೆ ಕೊಟ್ಟು ಕೊಂಡ ಕಾಂತ

ನೆರೆಯ ನ್ಯೂಯಾರ್ಕ್ ರಾಜ್ಯದ ಕ್ರೌನ್ ಪಾಯಿಂಟ್ ಎಂಬಲ್ಲಿ ಕಬ್ಬಿಣದ ಕಾರ್ಖಾನೆಯೊಂದಿತ್ತು. ಅಲ್ಲಿ ಅದಿರಿನ ಕೆಲಸಕ್ಕೆ ಒಂದು ವಿಚಿತ್ರ ಕಾಂತವನ್ನು ತರಿಸಿದ್ದಾರೆ ಎಂಬ ಸುದ್ದಿ ಡೇವನ್‌ಪೋರ್ಟನ ಕಿವಿಗೆ ಬಿತ್ತು. ಅದು ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ ರೂಪಿಸಿದ ಮಾದರಿಯ ವಿದ್ಯುತ್ಕಾಂತ.

ವಿದ್ಯುತ್ಕಾಂತ ಎಂದರೇನು? ಮೆತು ಕಬ್ಬಿಣದ ತುಂಡಿಗೆ ತಾಮ್ರದ ತಂತಿಯನ್ನು ಸುತ್ತಿ, ತಂತಿಯ ತುದಿಗಳನ್ನು ಬ್ಯಾಟರಿಗೆ ಜೋಡಿಸಿದರೆ ಆ ಕಬ್ಬಿಣ ಕಾಂತವಾಗುತ್ತದೆ. ತಂತಿಯನ್ನು ಬಿಡಿಸಿದ ಕೂಡಲೇ ಅದರ ಕಾಂತತ್ವ ಹೋಗಿಬಿಡುತ್ತದೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು ಭಾರವಾದ ಅಡಿಗಲ್ಲನ್ನೇ ಎತ್ತುವುದನ್ನು ಡೇವನ್‌ಪೋರ್ಟ್ ಕಂಡ. ದಿನವೂ ಅಡಿಗಲ್ಲಿನ ಭಾರವನ್ನು ಬಲ್ಲವನು ಆತ. ತಂತಿಯನ್ನು ಬೇರೆ ಮಾಡಿದೊಡನೆ ಅಡಿಗಲ್ಲು ಕೆಳಗೆ ಬಿತ್ತು. ಬೇಕೆಂದಾಗ ಹುಟ್ಟಿ, ಬೇಡವೆಂದಾಗ ಅಳಿಯುವ ಈ ಬಲದಿಂದ ಚಕ್ರವನ್ನು ತಿರುಗಿಸಲು ಬಾರದೇ ಎಂಬ ಪ್ರಶ್ನೆ ಆತನ ತಲೆ ಹೊಕ್ಕಿತು.

ಕಾಂತ ಬೇಕು, ಆದರೆ ಕೈಯಲ್ಲಿ ಹಣವಿಲ್ಲ. ಆಗ ಜೊತೆಗಿದ್ದ ಸೋದರನ ಬಂಡಿಯ ಸಾಮಾನುಗಳನ್ನು ಮಾರಿದರು. ಸೋದರನ ಒಳ್ಳೆಯ ಕುದುರೆಯನ್ನು ಕೊಟ್ಟು, ಸಾಧಾರಣ ಕುದುರೆಯನ್ನೂ ಮೇಲಿಷ್ಟು ಹಣವನ್ನೂ ಪಡೆದರು ಎಂದು ಹೇಳುತ್ತಾರೆ. ಹೀಗೆ ಹಣ ಕೂಡಿಸಿ ಕಾಂತವನ್ನು ಕೊಂಡು ಮನೆಗೆ ತಂದರು.

ಎಮಿಲಿಯ ರೇಷ್ಮೆ ಉಡುಪು

ಮನೆಗೆ ಬಂದ ಡೇವನ್‌ಪೋರ್ಟ್ ಮಾಡಿದ ಮೊದಲ ಕೆಲಸವೆಂದರೆ ಅಷ್ಟು ಬೆಲೆಯ ಕಾಂತವನ್ನು ಬಿಚ್ಚಿದ್ದು! ಆತ ತಂತಿಯ ಸುತ್ತುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದ. ಎಷ್ಟು ಸುತ್ತು, ಯಾವ ದಿಕ್ಕಿಗೆ, ಎಷ್ಟು ಪದರ ಎಂಬುದನ್ನು ಎಮಿಲಿ ಬರೆದುಕೊಂಡಳು. ಅನಂತರ ಡೇವನ್‌ಪೋರ್ಟ್ ತನ್ನ ಕುಲುಮೆಯಲ್ಲೇ ಕಬ್ಬಿಣ ಬಡಿದು ಹೊಸ ಕಾಂತಕ್ಕೆ ತಿರುಳು ತಯಾರಿಸಿದ.

ಈಗ ಒಂದು ಸಮಸ್ಯೆ ಬಂತು. ಬರಿಯ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದರೆ ಒಂದು ಸುತ್ತು ಇನ್ನೊಂದನ್ನು ಮುಟ್ಟುತ್ತದೆ. ಆಗ ವಿದ್ಯುತ್ತು ಎಲ್ಲ ಸುತ್ತುಗಳಲ್ಲಿ ಹರಿಯದೆ ಅಡ್ಡದಾರಿ ಹಿಡಿಯುತ್ತದೆ, ಕಾಂತ ದುರ್ಬಲವಾಗುತ್ತದೆ. ತಂತಿಗೆ ವಿದ್ಯುತ್ತು ಹರಿಯದಂಥ ಹೊದಿಕೆ ಬೇಕು. ಇಂದಿನಂತೆ ಪ್ಲಾಸ್ಟಿಕ್ ಹೊದಿಕೆಯ ತಂತಿ ಆಗ ಎಲ್ಲಿತ್ತು? ಎಮಿಲಿ ತನ್ನ ಮದುವೆಯ ರೇಷ್ಮೆ ಉಡುಪನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಕೊಟ್ಟಳು ಎಂಬ ಕತೆ ಇಂದಿಗೂ ಪ್ರಸಿದ್ಧವಾಗಿದೆ.

ಒಣಗಿದ ರೇಷ್ಮೆ ಒಳ್ಳೆಯ ವಿದ್ಯುತ್ ನಿರೋಧಕ. ಇಳಕಲ್ಲ ಸೀರೆಯ ಕೆಂಪು ರೇಷ್ಮೆ ಸೆರಗನ್ನು ನೀವು ಮುಟ್ಟಿ ನೋಡಿರುತ್ತೀರಿ. ಅದರ ಎಳೆ ಎಷ್ಟು ತೆಳು, ಎಷ್ಟು ಗಟ್ಟಿ! ತೆಳುವಾದ ಎಳೆಯಾದ್ದರಿಂದ ಸುತ್ತುಗಳು ಹತ್ತಿರ ಹತ್ತಿರ ಕೂರುತ್ತವೆ. ಒಂದನ್ನೊಂದು ಮುಟ್ಟುವುದೂ ಇಲ್ಲ. ಆ ಕಾಲದ ವಿಜ್ಞಾನಿಗಳು ತಂತಿಗೆ ರೇಷ್ಮೆ ಸುತ್ತುತ್ತಿದ್ದುದು ಇದಕ್ಕಾಗಿಯೇ.

ಚಕ್ರ ತಿರುಗಿತು

1834ರಲ್ಲಿ ಡೇವನ್‌ಪೋರ್ಟನ ಯಂತ್ರ ತಿರುಗಿತು. ಅದರಲ್ಲಿ ನಾಲ್ಕು ವಿದ್ಯುತ್ಕಾಂತಗಳಿದ್ದವು. ಎರಡು ಅಲುಗಾಡದಂತೆ ನಿಂತಿದ್ದವು, ಇನ್ನೆರಡು ಚಕ್ರದ ಮೇಲಿದ್ದವು. ಕಾಂತದ ವಿಜಾತಿ ಧ್ರುವಗಳು ಸೆಳೆಯುತ್ತವೆ, ಸಜಾತಿ ಧ್ರುವಗಳು ದೂಡುತ್ತವೆ ಎಂದು ನೀವು ಓದಿದ್ದೀರಿ. ಹಾಗಾದರೆ ಚಕ್ರದ ಕಾಂತವು ನಿಂತ ಕಾಂತದ ಹತ್ತಿರ ಬಂದು ಅಲ್ಲಿಯೇ ಅಂಟಿಕೊಂಡು ನಿಲ್ಲಬೇಕಲ್ಲವೇ? ನಿಲ್ಲದಂತೆ ಮಾಡಿದ್ದೇ ಡೇವನ್‌ಪೋರ್ಟನ ಜಾಣ್ಮೆ. ಕಾಂತ ಹತ್ತಿರ ಬಂದೊಡನೆ ಅದರಲ್ಲಿ ಹರಿಯುವ ವಿದ್ಯುತ್ತಿನ ದಿಕ್ಕು ತಾನಾಗಿಯೇ ತಿರುವುಮುರುವಾಗುತ್ತಿತ್ತು. ಸೆಳೆತ ಹೋಗಿ ದೂಡಿಕೆ ಬರುತ್ತಿತ್ತು. ಚಕ್ರ ಮುಂದಕ್ಕೆ ಹೋಗುತ್ತಿತ್ತು. ಹೀಗೆ ದಿಕ್ಕು ಬದಲಿಸುವ ಭಾಗಕ್ಕೆ ದಿಕ್ಪರಿವರ್ತಕ ಎನ್ನುತ್ತಾರೆ. ಇಂದಿಗೂ ಅನೇಕ ಆಟಿಕೆಗಳ ಮೋಟಾರಿನಲ್ಲಿ ಇದೇ ಉಪಾಯವಿದೆ.

ಅದೇ ವರ್ಷ ಯುರೋಪಿನಲ್ಲಿ ಯಾಕೋಬಿ ಎಂಬ ವಿಜ್ಞಾನಿಯೂ ವಿದ್ಯುತ್ ಮೋಟಾರೊಂದನ್ನು ಮಾಡಿದ್ದ. ಅದಕ್ಕೂ ಮೊದಲು 1821ರಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ತಿನಿಂದ ತಂತಿಯೊಂದು ಸುತ್ತುವುದನ್ನು ತೋರಿಸಿದ್ದ. ಆದರೆ ಕ್ರೌನ್ ಪಾಯಿಂಟಿನಲ್ಲಿ ಕಂಡ ಒಂದು ಕಾಂತವನ್ನೇ ಹಿಡಿದು ಹಳ್ಳಿಯ ಕಮ್ಮಾರನೊಬ್ಬ ಇಷ್ಟು ದೂರ ಬಂದದ್ದು ಸಾಮಾನ್ಯ ಸಾಧನೆಯಲ್ಲ.

ಮೋಟಾರು ತಿರುಗಿತು, ಸರಿ. ಅದರಿಂದ ಉಪಯೋಗವೇನು ಎಂದು ಜನ ಕೇಳಿದರು. ಡೇವನ್‌ಪೋರ್ಟ್ 1835ರಲ್ಲಿ ವೃತ್ತಾಕಾರದ ಪುಟ್ಟ ಹಳಿ ಹಾಕಿ, ಅದರ ಮೇಲೆ ಮೋಟಾರಿನ ಪುಟ್ಟ ಗಾಡಿಯನ್ನು ಓಡಿಸಿದ. ಬೆಂಕಿಯಿಲ್ಲ, ಹೊಗೆಯಿಲ್ಲ, ಉಗಿಯಿಲ್ಲ. ಬ್ಯಾಟರಿಯ ವಿದ್ಯುತ್ತಿನಿಂದ ಗಾಡಿ ಸುತ್ತುತ್ತಿತ್ತು. ಪಟ್ಟಣಗಳಿಗೆ ಕೊಂಡೊಯ್ದು ಅದನ್ನು ಜನರಿಗೆ ತೋರಿಸಿದ. ಕಲ್ಲಿದ್ದಲು ಸುಡುವ ಉಗಿಬಂಡಿಗಳೇ ಆಗಿನ್ನೂ ಹೊಸತು. ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ, ಅಂದರೆ ಅದಾದ 18 ವರ್ಷಗಳ ಮೇಲೆ!

ಸುಟ್ಟುಹೋದ ಮಾದರಿ

ತನ್ನ ಯಂತ್ರಕ್ಕೆ ಸರಕಾರದಿಂದ ಹಕ್ಕುಪತ್ರ, ಅಂದರೆ ಪೇಟೆಂಟ್ ಪಡೆಯಲು ಡೇವನ್‌ಪೋರ್ಟ್ ಹೊರಟ. ಆಗ ಅರ್ಜಿಯ ಜೊತೆಗೆ ಯಂತ್ರದ ಮಾದರಿಯನ್ನೂ ಕೊಡಬೇಕಿತ್ತು. ಕಷ್ಟಪಟ್ಟು ಮಾಡಿ ಕೊಟ್ಟ ಮಾದರಿ, 1836ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಆತ ಸೋಲಲಿಲ್ಲ. ಇನ್ನೊಂದು ಮಾದರಿ ಮಾಡಿ ಕಳಿಸಿದ. 1837ರ ಫೆಬ್ರವರಿ 25ರಂದು 132ನೇ ಸಂಖ್ಯೆಯ ಪೇಟೆಂಟ್ ಆತನ ಕೈಸೇರಿತು. ವಿದ್ಯುತ್ ಮೋಟಾರಿಗೆ ಅಮೆರಿಕ ಕೊಟ್ಟ ಮೊದಲ ಪೇಟೆಂಟ್ ಅದು.

ಇನ್ನೇನು, ಕಷ್ಟದ ದಿನ ಮುಗಿಯಿತು ಎಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಅದೇ 1837ರಲ್ಲಿ ಅಮೆರಿಕದಲ್ಲಿ ಹಣಕಾಸಿನ ದೊಡ್ಡ ಮುಗ್ಗಟ್ಟು ಬಂತು. ಹೊಸ ಯಂತ್ರಕ್ಕೆ ಹಣ ಹಾಕುವವರು ಸಿಗಲಿಲ್ಲ. ಆದರೂ ಡೇವನ್‌ಪೋರ್ಟ್ 1840ರಲ್ಲಿ ನ್ಯೂಯಾರ್ಕ್ ನಗರದಲ್ಲಿ ತನ್ನ ಮೋಟಾರಿನಿಂದ ಮುದ್ರಣ ಯಂತ್ರ ನಡೆಸಿ ಒಂದು ಪತ್ರಿಕೆಯನ್ನೇ ಅಚ್ಚು ಹಾಕಿದ. ಮೋಟಾರು ಕೆಲಸ ಮಾಡುತ್ತದೆ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಆದರೂ ಯಾರೂ ಕೊಳ್ಳಲಿಲ್ಲ. ಏಕೆ?

ತೊಂದರೆ ಇದ್ದದ್ದು ಎಲ್ಲಿ?

ಆಗ ವಿದ್ಯುತ್ತು ಬೇಕಾದರೆ ಇದ್ದ ದಾರಿ ಒಂದೇ, ಬ್ಯಾಟರಿ. ಆಮ್ಲ ತುಂಬಿದ ಪಾತ್ರೆಯಲ್ಲಿ ಸತುವಿನ ಹಾಗೂ ತಾಮ್ರದ ತಗಡುಗಳನ್ನು ಇಳಿಬಿಡುತ್ತಿದ್ದರು. ಇದರಲ್ಲಿ ಮೂರು ತೊಡಕುಗಳಿದ್ದವು.

ಮೊದಲನೆಯದು, ಗುಳ್ಳೆ. ಬ್ಯಾಟರಿ ಕೆಲಸ ಮಾಡುವಾಗ ತಾಮ್ರದ ತಗಡಿನ ಮೇಲೆ ಜಲಜನಕದ ಗುಳ್ಳೆಗಳು ಕೂಡುತ್ತವೆ. ಅವು ತಗಡನ್ನು ಮುಚ್ಚುತ್ತ ಹೋದಂತೆ ವಿದ್ಯುತ್ತು ಕುಗ್ಗುತ್ತದೆ. ಮೊದಲು ಜೋರಾಗಿ ಓಡಿದ ಯಂತ್ರ ಸ್ವಲ್ಪ ಹೊತ್ತಿನಲ್ಲೇ ಸೊರಗುತ್ತದೆ. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಈ ತೊಡಕನ್ನು ನೀಗಿಸಿದ ಹೊಸ ಕೋಶವನ್ನು ರೂಪಿಸಿದ.

ಎರಡನೆಯದು, ಭಾರ ಮತ್ತು ನಾಜೂಕು. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಪಾತ್ರೆಗಳನ್ನು ಜೋಡಿಸಬೇಕು. ಆಮ್ಲ ತುಂಬಿದ ಪಾತ್ರೆಗಳನ್ನು ಓಡುವ ಗಾಡಿಯಲ್ಲಿ ಹೇರುವುದು ಸುಲಭವೇ?

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಖರ್ಚು. ಉಗಿಯಂತ್ರಕ್ಕೆ ಕಲ್ಲಿದ್ದಲು ಹೇಗೋ ಬ್ಯಾಟರಿಗೆ ಸತುವು ಹಾಗೆ. ಅದು ಕರಗಿ ಮುಗಿಯುತ್ತದೆ. ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, ಒಂದು ತೂಕದ ಸತುವಿನಿಂದ ಬ್ಯಾಟರಿ ಮತ್ತು ಮೋಟಾರು ಮಾಡುವ ಕೆಲಸ, ಅಷ್ಟೇ ತೂಕದ ಕಲ್ಲಿದ್ದಲಿನಿಂದ ಒಳ್ಳೆಯ ಉಗಿಯಂತ್ರ ಮಾಡುವ ಕೆಲಸದ ಸುಮಾರು ಐದನೇ ಒಂದು ಭಾಗ ಮಾತ್ರ. ಸತುವಿನ ಬೆಲೆಯಾದರೋ ಕಲ್ಲಿದ್ದಲಿಗಿಂತ ಬಹಳ ಹೆಚ್ಚು. ಹೀಗಿರುವಾಗ ಯಾವ ಕಾರ್ಖಾನೆಯವರು ವಿದ್ಯುತ್ ಮೋಟಾರನ್ನು ಕೊಂಡಾರು?

ಜೋಸೆಫ್ ಹೆನ್ರಿಗೆ ಈ ಕಷ್ಟ ಮೊದಲೇ ತಿಳಿದಿತ್ತು. ತನ್ನ ಬಳಿ ಬಂದ ಡೇವನ್‌ಪೋರ್ಟನನ್ನು ಆತ ಮೆಚ್ಚಿಕೊಂಡ. ಆದರೆ ದೊಡ್ಡ ಯಂತ್ರಕ್ಕೆ ಆತುರಪಡಬಾರದು ಎಂದು ಎಚ್ಚರಿಸಿದ. ಕಮ್ಮಾರನ ಉತ್ಸಾಹ ಮಾತ್ರ ನಿಲ್ಲಲಿಲ್ಲ.

ಆತನೊಬ್ಬನಿಗೇ ಹೀಗಾಯಿತೆಂದಲ್ಲ. 1842ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಡೇವಿಡ್ಸನ್ ನಿಜವಾದ ಹಳಿಯ ಮೇಲೆಯೇ ಬ್ಯಾಟರಿಯ ಎಂಜಿನ್ ಓಡಿಸಿದ. ಅದು ಮನುಷ್ಯ ನಡೆಯುವ ವೇಗಕ್ಕಿಂತ ಹೆಚ್ಚೇನೂ ಓಡಲಿಲ್ಲ. 1851ರ ಏಪ್ರಿಲ್ 29ರಂದು ಅಮೆರಿಕದ ಚಾರ್ಲ್ಸ್ ಪೇಜ್ ಎಂಬಾತ ಸರಕಾರದ ಹಣದಿಂದ ಮಾಡಿದ ದೊಡ್ಡ ವಿದ್ಯುತ್ ಎಂಜಿನ್ನನ್ನು ವಾಷಿಂಗ್ಟನ್ನಿನಿಂದ ಓಡಿಸಿದ. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗವೂ ಬಂತು. ಆದರೆ ಗಾಡಿಯ ಕುಲುಕಾಟಕ್ಕೆ ಬ್ಯಾಟರಿಯ ಮಣ್ಣಿನ ಪಾತ್ರೆಗಳು ಒಂದೊಂದಾಗಿ ಒಡೆದವು. ಮೂರೂ ಕಡೆ ಚಕ್ರ ತಿರುಗಿತು, ಮೋಟಾರು ಮೋಸ ಮಾಡಲಿಲ್ಲ. ಕೈಕೊಟ್ಟದ್ದು ಶಕ್ತಿಯ ಮೂಲ.

ಕೊನೆಯ ದಿನಗಳು

ಡೇವನ್‌ಪೋರ್ಟನ ಕೈಯಲ್ಲಿದ್ದ ಹಣವೆಲ್ಲ ಕರಗಿತು. ಸಾಲ ಬೆಳೆಯಿತು, ಆರೋಗ್ಯವೂ ಕೆಟ್ಟಿತು. ಊರಿಗೆ ಮರಳಿದ. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಪಿಯಾನೋ ವಾದ್ಯದ ತಂತಿಗಳನ್ನು ವಿದ್ಯುತ್ಕಾಂತದಿಂದ ಮಿಡಿದು, ನಾದ ಬಹಳ ಹೊತ್ತು ನಿಲ್ಲುವಂತೆ ಮಾಡುವ ಪ್ರಯೋಗ ಹೂಡಿದ. 1851ರ ಜುಲೈ 6ರಂದು ವರ್ಮಾಂಟಿನ ಸಾಲಿಸ್‌ಬರಿಯಲ್ಲಿ ತೀರಿಕೊಂಡ. 49 ವರ್ಷ ತುಂಬಲು ಇನ್ನು ಮೂರೇ ದಿನ ಉಳಿದಿತ್ತು.

ಆತನ ಕನಸಿಗೆ ಬೇಕಾಗಿದ್ದ ಬೀಜ ಆಗಲೇ ಮೊಳೆತಿತ್ತು ಎಂಬುದು ವಿಚಿತ್ರ. 1831ರಲ್ಲಿಯೇ ಫ್ಯಾರಡೆ, ಕಾಂತವನ್ನು ತಂತಿಯ ಸುರುಳಿಯಲ್ಲಿ ಅಲುಗಿಸಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ತೋರಿಸಿದ್ದ. ಆ ತತ್ವ ಬೆಳೆದು, 1866ರ ಹೊತ್ತಿಗೆ ಡೈನಮೋ ಎಂಬ ಶಕ್ತಿಶಾಲಿ ಜನರೇಟರ್ ಬಂತು. ಸತುವನ್ನು ಕರಗಿಸದೆ, ಚಕ್ರ ತಿರುಗಿಸಿ ವಿದ್ಯುತ್ತನ್ನು ಪಡೆಯುವಂತಾಯಿತು. 1879ರ ಮೇ 31ರಂದು ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ವರ್ನರ್ ಸೀಮೆನ್ಸ್ 300 ಮೀಟರ್ ಉದ್ದದ ಸುತ್ತುಹಳಿಯ ಮೇಲೆ ಜನರನ್ನು ಕೂರಿಸಿ ವಿದ್ಯುತ್ ರೈಲು ಓಡಿಸಿದ. ಅದರ ಎಂಜಿನ್ನಿನಲ್ಲಿ ಬ್ಯಾಟರಿ ಇರಲಿಲ್ಲ. ವಿದ್ಯುತ್ತು ಬೇರೊಂದೆಡೆ ನಿಂತಿದ್ದ ಡೈನಮೋದಿಂದ ಹಳಿಯ ನಡುವಿನ ಇನ್ನೊಂದು ಕಂಬಿಯ ಮೂಲಕ ಬರುತ್ತಿತ್ತು. ಭಾರತದಲ್ಲಿ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ಓಡಿತು.

ಇಂದು ಬಾಗಲಕೋಟೆಯ ಹತ್ತಿರದ ಆಲಮಟ್ಟಿಯಲ್ಲಿ ಕೃಷ್ಣೆಯ ನೀರು ಚಕ್ರಗಳನ್ನು ತಿರುಗಿಸಿ ವಿದ್ಯುತ್ತು ಕೊಡುತ್ತದೆ. ಆ ಕೇಂದ್ರದ ಸಾಮರ್ಥ್ಯ 290 ಮೆಗಾವಾಟ್. ಅಲ್ಲಿರುವ ಜನರೇಟರನ್ನು ತಿರುವುಮುರುವಾದ ಮೋಟಾರು ಎನ್ನಬಹುದು. ಮೋಟಾರಿಗೆ ವಿದ್ಯುತ್ತು ಕೊಟ್ಟರೆ ತಿರುಗುತ್ತದೆ. ಜನರೇಟರನ್ನು ತಿರುಗಿಸಿದರೆ ವಿದ್ಯುತ್ತು ಕೊಡುತ್ತದೆ.

ಹಳೆಯ ಮಾದರಿ ರೈಲು ನಿಂತರೆ

1896ರ ಸುಮಾರಿಗೆ ಅಮೆರಿಕದಲ್ಲಿ ವಿದ್ಯುತ್ ಆಟಿಕೆ ರೈಲುಗಳು ಮಾರಾಟಕ್ಕೆ ಬಂದವು. ಜಾತ್ರೆಯ ರೈಲಿನಂತೆ ಹೊಟ್ಟೆಯಲ್ಲಿ ಸೆಲ್ ಇರದೆ, ಲೋಹದ ಹಳಿಯಿಂದಲೇ ವಿದ್ಯುತ್ತು ಪಡೆದು ಓಡುವ ರೈಲುಗಳು ಅವು. ಅಂಥ ಹಳೆಯ ರೈಲುಗಳನ್ನು ಇಂದಿಗೂ ಕೆಲವರು ಜೋಪಾನವಾಗಿ ಓಡಿಸುತ್ತಾರೆ. ರೈಲು ನಿಂತರೆ ಅವರು ಮೊದಲು ಎಂಜಿನ್ ಬಿಚ್ಚುವುದಿಲ್ಲ. ಡೇವನ್‌ಪೋರ್ಟನ ಬದುಕು ಕಲಿಸುವಂತೆ ಮೂಲದಿಂದಲೇ ಹುಡುಕಲು ಆರಂಭಿಸುತ್ತಾರೆ.

1. ರೈಲಿನ ವೋಲ್ಟೇಜಿಗೆ ಹೊಂದುವ ಚಿಕ್ಕ ಬಲ್ಬನ್ನು ವಿದ್ಯುತ್ತು ಕೊಡುವ ಪೆಟ್ಟಿಗೆಯ ತುದಿಗಳಿಗೇ ಮುಟ್ಟಿಸುತ್ತಾರೆ. ಉರಿಯದಿದ್ದರೆ ದೋಷ ಅಲ್ಲಿಯೇ ಇದೆ.

2. ಅಲ್ಲಿ ಉರಿದರೆ, ಅದೇ ಬಲ್ಬನ್ನು ಹಳಿಗೆ ತಂತಿ ಸೇರುವ ಕಡೆ ಮುಟ್ಟಿಸುತ್ತಾರೆ. ಆಮೇಲೆ ಹಳಿಯ ಅತಿ ದೂರದ ಭಾಗದಲ್ಲಿ ಮುಟ್ಟಿಸುತ್ತಾರೆ. ಹತ್ತಿರ ಪ್ರಕಾಶವಾಗಿ, ದೂರದಲ್ಲಿ ಮಂಕಾಗಿ ಉರಿದರೆ ನಡುವಿನ ಹಳಿ ಜೋಡಣೆ ಸಡಿಲಾಗಿರುತ್ತದೆ ಅಥವಾ ಕಿಲುಬು ಹಿಡಿದಿರುತ್ತದೆ. ಜೋಡಣೆಯನ್ನು ಬಿಗಿ ಮಾಡಬೇಕು. ಹಳಿ ಬಹಳ ಉದ್ದವಿದ್ದರೆ ದೂರದ ಭಾಗಕ್ಕೂ ಪೆಟ್ಟಿಗೆಯಿಂದ ಬೇರೆ ತಂತಿ ಕೊಡಬೇಕು.

3. ಎಲ್ಲ ಕಡೆ ಬಲ್ಬು ಚೆನ್ನಾಗಿ ಉರಿದೂ ರೈಲು ತಡೆತಡೆದು ಓಡಿದರೆ ಹಳಿ, ಚಕ್ರಗಳಲ್ಲಿ ದೂಳು, ಎಣ್ಣೆ ಕೂತಿರುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಒರಟು ಉಜ್ಜುಕಾಗದ ಬಳಸಿದರೆ ಗೀರು ಬಿದ್ದು, ಅದರಲ್ಲಿ ಮತ್ತೆ ಕೊಳೆ ಸೇರುತ್ತದೆ.

4. ಪೆಟ್ಟಿಗೆ ಬಿಸಿಯಾಗಿ ಬಲ್ಬು ಉರಿಯದಿದ್ದರೆ, ಎರಡು ಹಳಿಗಳ ನಡುವೆ ಮೊಳೆಯೋ ತಂತಿಚೂರೋ ಅಡ್ಡ ಬಿದ್ದಿರಬಹುದು. ಕೂಡಲೇ ವಿದ್ಯುತ್ತನ್ನು ಆರಿಸಿ ಅದನ್ನು ತೆಗೆಯಬೇಕು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಮೋಟಾರಿನ ಸರದಿ.

ಮಾಡಿ ನೋಡಿ

ಬೇಕಾದವು: ಟಾರ್ಚಿನ ಎರಡು ಸೆಲ್, ಟಾರ್ಚಿನ ಬಲ್ಬು, ತಂತಿ, ತುಕ್ಕು ಹಿಡಿದ ಒಂದು ಮೊಳೆ, ಉಜ್ಜುಕಾಗದ.

ಎರಡು ಸೆಲ್‌ಗಳನ್ನು ಸಾಲಾಗಿ ಜೋಡಿಸಿ ಬಲ್ಬು ಉರಿಯುವಂತೆ ಮಂಡಲ ಮಾಡಿ. ಈಗ ಮಂಡಲದ ಒಂದು ಕಡೆ ತಂತಿಯನ್ನು ಬಿಡಿಸಿ, ನಡುವೆ ತುಕ್ಕಿನ ಮೊಳೆಯನ್ನು ಮುಟ್ಟಿಸಿ. ಬಲ್ಬು ಮಂಕಾಗುತ್ತದೆ ಅಥವಾ ಉರಿಯುವುದೇ ಇಲ್ಲ. ಮೊಳೆಯ ಎರಡೂ ತುದಿಗಳ ತುಕ್ಕನ್ನು ಚೆನ್ನಾಗಿ ಉಜ್ಜಿ ತೆಗೆದು ಮತ್ತೆ ಮುಟ್ಟಿಸಿ. ಬಲ್ಬು ಉರಿಯುತ್ತದೆ. ಸೆಲ್ ಅದೇ, ಬಲ್ಬು ಅದೇ. ಬದಲಾದದ್ದು ದಾರಿ ಮಾತ್ರ. ಹಾಗಾದರೆ ತುಕ್ಕು ಏನು ಮಾಡುತ್ತಿತ್ತು? ನಿಮ್ಮ ಗುಂಪಿನಲ್ಲಿ ಚರ್ಚಿಸಿ, ಉತ್ತರವನ್ನು ನೋಟು ಪುಸ್ತಕದಲ್ಲಿ ಬರೆಯಿರಿ.

ಎಚ್ಚರಿಕೆ: ಪ್ರಯೋಗಕ್ಕೆ ಸೆಲ್ ಮಾತ್ರ ಬಳಸಿ. ಮನೆಯ ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇರುತ್ತದೆ. ಅದು ಪ್ರಾಣಕ್ಕೆ ಅಪಾಯ. ಪ್ಲಗ್ಗಿಗೆ ಹಾಕುವ ಯಾವ ಪೆಟ್ಟಿಗೆಯನ್ನೂ, ಅದರಲ್ಲೂ ಹೊದಿಕೆ ಸೀಳಿದ ಹಳೆಯ ತಂತಿಯನ್ನು, ನೀವೇ ಮುಟ್ಟಬೇಡಿ. ಎಲೆಕ್ಟ್ರಿಷಿಯನ್ನರಿಗೆ ತೋರಿಸಲು ದೊಡ್ಡವರಿಗೆ ಹೇಳಿ.